ತಿರುವಿ ಒತ್ತಿದ ಅಂಕಿ

ಸಂಘದ ಹೆಂಗಸರಿಗೆಲ್ಲ ಹೊಸ ಕಾರ್ಡು ಬಂದ ವಾರವೇ
ಎಲ್ಲರ ಮೊಬೈಲಿಗೂ ಬಂತು ಆ ಸಂದೇಶ,
ಮೂರು ಕೆಂಪು ಗುರುತು, ಒಂದು ಕೈಮುಗಿದ ಚಿತ್ರ:
ಕಳ್ಳ ಚಾಕು ತೋರಿಸಿದರೆ ಹೆದರಬೇಡಿ,
ನಿಮ್ಮ ಪಿನ್ ಹಿಂದುಮುಂದಾಗಿ ಒತ್ತಿ,
ದುಡ್ಡೂ ಬರುತ್ತದೆ, ಪೊಲೀಸರೂ ಬರುತ್ತಾರೆ.
ಹತ್ತು ಜನಕ್ಕೆ ಕಳಿಸಿ.

ಲೆಕ್ಕದ ಪುಸ್ತಕ ನನ್ನ ಕೈಲಿದೆ.
ಡೇರಿಗೆ ಹಾಲು ಹಾಕುವಾಗ ಡಿಗ್ರಿ ನೋಡುತ್ತಾರೆ,
ಕಬ್ಬು ತೂಗುವಾಗ ಮುಳ್ಳು ನೋಡುತ್ತೇವೆ,
ಹತ್ತು ಜನಕ್ಕೆ ಕಳಿಸುವ ಮಾತನ್ನು
ಒಂದು ಸಲ ಒತ್ತಿ ನೋಡಬೇಡವೆ?

ಗುರುವಾರ, ಮಂಡ್ಯ, ಗುತ್ತಲು ರಸ್ತೆ, ಮಟಮಟ ಮಧ್ಯಾಹ್ನ.
ಜೊತೆಗೆ ಸಾಕಮ್ಮ, ಎಪ್ಪತ್ತು ದಾಟಿದವಳು.
ಅವಳದು ಹಳೇ ಕಾರ್ಡು, ಪಿಂಚಣಿಯದು,
ಮೊಮ್ಮಗನ ಪರ್ಸಿನಲ್ಲೇ ಅದರ ಸಂಸಾರ;
ಇವತ್ತು ಕೇಳಿ ಇಸಕೊಂಡು ಬಂದಿದ್ದಳು.
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟು
"ಗುಡಿ ಇದ್ದಂಗದೆ ಕಣವ್ವ, ತಣ್ಣಗೆ" ಅಂದಳು.

ನನ್ನ ಖಾತೆಯಲ್ಲಿ ಮುನ್ನೂರ ಹನ್ನೆರಡು ರೂಪಾಯಿ.
ಪರೀಕ್ಷೆಗೆ ಅಷ್ಟು ಸಾಕು.
ತಿರುವಿ ಒತ್ತಿದೆ.
ಪಿನ್ ತಪ್ಪು, ಅಂತು ಯಂತ್ರ.
ಸೈರನ್ ಇಲ್ಲ, ಜೀಪಿಲ್ಲ.
ಗಾಜಿನಾಚೆ, ರಸ್ತೆಯ ಆ ಬದಿ, ಕಬ್ಬಿನ ಹಾಲಿನ ಗಾಡಿಯ ಹತ್ತಿರ
ಒಬ್ಬ ಪೊಲೀಸು ನಿಂತಿದ್ದ, ನಿಜವಾದವನೇ,
ಲಾಠಿ ಕಂಕುಳಲ್ಲಿ, ಲೋಟ ಕೈಯಲ್ಲಿ.
ಐದು ನಿಮಿಷ ಕಾದೆವು.
ಅವನು ನಿಂಬೆ ಹಿಂಡಿಸಿಕೊಂಡು
ಎರಡನೇ ಲೋಟ ಕೇಳಿದ.

ಆಮೇಲೆ ಹೊಳೆಯಿತು: ನಮ್ಮ ಚನ್ನಾಜಮ್ಮನ ಪಿನ್ನು
ಎತ್ತ ಕಡೆಯಿಂದ ಓದಿದರೂ ಅದೇ,
ಕನಕ ಅನ್ನೋ ಮಾತಿನ ಹಾಗೆ.
(ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಾಳೆ, ಅದು ಬೇರೆ ಕತೆ.)
ಅವಳು ಐನೂರು ತೆಗೆದಾಗಲೆಲ್ಲ
ಮಂಡ್ಯದ ಠಾಣೆಗಳೆಲ್ಲ ಖಾಲಿಯಾಗಬೇಕಿತ್ತಲ್ಲ!

ಇನ್ನೊಂದು: ಶುರುವಿಗೆ ಮುಂಚೆ ಕ್ಯಾನ್ಸಲ್ ಎರಡು ಸಲ ಒತ್ತಿದರೆ
ಪಿನ್ ಯಾರೂ ಕದಿಯಲಾರರಂತೆ.
ಬಾಗಿಲ ಜವರಾಯಿ ಬೀಡಿ ಆರಿಸಿ ನಕ್ಕ,
"ದಿನಾ ನೋಡ್ತೀನಿ ಕಣಕ್ಕ,
ಗುಡಿ ಗಂಟೆ ಹೊಡ್ದಂಗೆ ಹೊಡೀತಾರೆ."
ಬ್ಯಾಂಕಿನ ಮೇಡಂ ತಲೆ ಎತ್ತದೆ ಹೇಳಿದರು,
ಏನೂ ಶುರುವಾಗದಿರುವಾಗ
ಏನನ್ನಮ್ಮ ಕ್ಯಾನ್ಸಲ್ ಮಾಡುವುದು?

ಕಾರ್ಡಿನ ಬಾಯಿ ಅಲ್ಲಾಡಿಸಿ ನೋಡು ಅನ್ನುವುದು ನಿಜ.
ಮಗುವಿನ ಹಾಲುಹಲ್ಲು ನೋಡುವ ಹಾಗೆ
ಎರಡು ಬೆರಳಲ್ಲಿ ಹಿಡಿದು ತೋರಿಸಿದ ಜವರಾಯಿ.
ಸಡಿಲವಿದ್ದರೆ ಮುಟ್ಟಬೇಡ.
ಒತ್ತುವಾಗ ಕೈ ಮರೆ ಮಾಡು ಅನ್ನುವುದೂ ನಿಜ.
ಅದನ್ನು ನಾನು ಹೇಳಿಕೊಡುವ ಮೊದಲೇ
ಸಾಕಮ್ಮ ಎಡಗೈ ಅಡ್ಡ ಹಿಡಿದಿದ್ದಳು,
ಗಾಳಿಯಲ್ಲಿ ದೀಪ ಒಯ್ಯುವವಳ ಹಾಗೆ.
ಗಂಡ ಹೋದ ವರ್ಷವೇ ಅವಳ ಪಿನ್ನು,
ಮರೆಯುವುದು ಹೇಗೆ?

ಚೀಟಿ ಬಂತು.
ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ.
ಉಗುರಿಂದ ಒಂದೊಂದೇ ಸಾಲು ಕೆರೆದಳು:
ಒಂದು. ಎರಡು. ಮೂರು. ನಾಲ್ಕು.
"ಒಂದು ದಪ ತಂದುಕೊಟ್ಟ.
ಮಿಕ್ಕ ದಿನ ಸರ್ವರ್ ಇಲ್ಲ ಅಂದ."
ಚೀಟಿ ಮಡಿಸಿದಳು, ಮಡಿಸಿದಳು,
ಸುಣ್ಣದ ಡಬ್ಬಿಯ ಪಕ್ಕ, ಎಲೆ ಅಡಿಕೆ ಚೀಲದಲ್ಲಿಟ್ಟಳು.
ದಾರಿಯುದ್ದಕ್ಕೂ ಮಾತಿಲ್ಲ.
ನಾಲೆ ಸೇತುವೆಯ ಮೇಲೆ ಮಾತ್ರ
"ಆ ಪೊಲೀಸಪ್ಪ ಎಷ್ಟು ಲೋಟ ಕುಡುದ್ನವ್ವ?" ಅಂದಳು.

ಭಾನುವಾರ ಸಂಘದಲ್ಲಿ ಓದಿ ಹೇಳಿದೆ:
ತಿರುವಿ ಒತ್ತುವುದು ಸುಳ್ಳು.
ಎರಡು ಸಲ ಕ್ಯಾನ್ಸಲ್, ಸುಳ್ಳು.
ಬಾಯಿ ಅಲ್ಲಾಡಿಸುವುದು, ಕೈ ಅಡ್ಡ ಇಡುವುದು, ನಿಜ.
ಚನ್ನಾಜಮ್ಮ ಸಪ್ಪಗಾದಳು, ಪೊಲೀಸರು ಬಾರದ್ದಕ್ಕೆ.

ಹಿಂದಿನಿಂದ ಸಾಕಮ್ಮ ಕೇಳಿದಳು,
"ಕೈ ಅಡ್ಡ ಇಡೋದು ದಿಟ ತಾನೆ?"
ದಿಟ ಕಣಜ್ಜಿ.
"ಮನೆಯವ್ರು ಪಕ್ಕದಲ್ಲಿ ನಿಂತಿದ್ರೂವೆ?"

ಜಮಖಾನದ ನೂಲು ಕೀಳತೊಡಗಿದರು ಕೆಲವರು.
ನನ್ನ ಮೊಬೈಲು ಮಿಣುಕಿತು.
ನನ್ನ ಸ್ವಂತ ಅಣ್ಣ,
ಮೂರು ಕೆಂಪು ಗುರುತು.