ಎಡಗಿವಿ

ಜೀಪು ಗುಜರಿಗೆ ಹೋಯಿತು, ಕೆಜಿ ಲೆಕ್ಕದಲ್ಲಿ.
ರೇಡಿಯೊ ಬಿಚ್ಚಿಕೊಂಡು ಬಂದೆ ಮನೆಗೆ:
ಮೂರು ಬೋಲ್ಟು, ಒಂದು ಮೈಕು, ಇಷ್ಟುದ್ದ ಕೆಂಪು ಕರಿ ವೈರು.

ಈಗ ಅದು ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ
ಮಂಚದ ಕೆಳಗಿರುವ ಜೀಪಿನದೇ ಬ್ಯಾಟರಿಯ ಅನ್ನ ಉಣ್ಣುತ್ತ
ಕೂತಿದೆ. ನಿಂತಿದ್ದೇವೆ ಅಂತ ಅದಕ್ಕಿನ್ನೂ ಗೊತ್ತಿಲ್ಲ.
ಕಣೇಕಲ್ಲಿನ ಕಂಕರ್ ರಸ್ತೆಯಲ್ಲಿ, ಗಾಳಿಕಂಬಗಳ ನಡುವೆ,
ಇಂಜಿನ್ನಿನ ಗದ್ದಲ ಮೀರಿ ಅರಚಿ ಅರಚಿ
ದೊಡ್ಡ ಗಂಟಲು ಮಾಡಿಕೊಂಡ ಸೆಟ್ಟು.
ಒಂದೇ ಕೋಣೆಯ ಮನೆಯಲ್ಲಿ
ಮೆಲ್ಲಗೆ ಮಾತಾಡಲು ಅದಕ್ಕೆ ಬಾರದು.

ರಾಯದುರ್ಗದಲ್ಲಿ ಹಗಲು ರೇಡಿಯೊ ಕೇಳುವುದು ಸುಳ್ಳು.
ಓಣಿಯ ಮನೆಮನೆಗೂ ಎರಡೆರಡು ಜೀನ್ಸ್ ಮಷೀನು,
ಎಲ್ಲ ಮೋಟರುಗಳೂ ಸೇರಿ ಆಕಾಶವನ್ನು
ಝರ್ರನೆ ಹೊಲಿದುಬಿಡುತ್ತವೆ, ಒಂದು ತೂತೂ ಬಿಡದೆ.
ಹನ್ನೊಂದಕ್ಕೆ ಕೊನೆಯ ಮಷೀನು ನಿಲ್ಲುತ್ತದೆ. ನಮ್ಮದೇ ಅದು.
ಸುಂಕಮ್ಮ ಹಲ್ಲಲ್ಲಿ ದಾರ ಕಡಿಯುತ್ತಾಳೆ,
ನೀಲಿ ನೂಲಿನ ಧೂಳು ಸೆರಗಿಂದ ಕೊಡವುತ್ತಾಳೆ.
ಆಮೇಲೆ ಏಳು ಮೆಗಾಹರ್ಟ್ಸಿನ ಹೊಲಿಗೆ
ಒಂದೊಂದೇ ಬಿಚ್ಚಿಕೊಳ್ಳುತ್ತದೆ.

ಹೆಡ್‌ಫೋನು ಬಳ್ಳಾರಿಯ ಫುಟ್‌ಪಾತಿನದು, ನೂರಾ ಎಂಬತ್ತು.
ದೊಡ್ಡ ಗಂಟಲಿಗೆ ನೂರು ಓಮಿನ ರೆಸಿಸ್ಟರು ಕಟ್ಟಿದ್ದೇನೆ,
ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದ ಹಾಗೆ.
ಆದರೂ ಸೆಟ್ಟಿನ ತೂತಿಗೆ ಸ್ಟೀರಿಯೊ ಗೊತ್ತಿಲ್ಲ,
ಒಂದೇ ಕಿವಿಗೆ ಬಡಿಸಿ ಕೈ ತೊಳೆದುಕೊಳ್ಳುತ್ತದೆ.
ಎಡಗಿವಿಯಲ್ಲಿ ಲಂಕೆಯೋ ಜಾವಾವೋ, ಯಾವನದೋ ಬಾತುಕೋಳಿ ದನಿ;
ಗುಂಡಿ ಕೂದಲೆಳೆಯಷ್ಟು ತಿರುಗಿಸಿದರೆ ಮನುಷ್ಯನದಾಗುತ್ತದೆ.
ಬಲಗಿವಿಯಲ್ಲಿ ಮಗಳ ಉಸಿರು, ಹಲ್ಲಿ,
ಕೊಡದ ತಳಕ್ಕೆ ತೊಟ್ಟಿಕ್ಕುವ ನಲ್ಲಿ.
ಒಂದು ಹನಿ ಸೀಸ ಬೆಸೆದರೆ ಎರಡೂ ಕಡೆ ತೆರೆಯುತ್ತದೆ.
ಎಷ್ಟೋ ಸಲ ಕಾದ ಕಡ್ಡಿ ಕೈಗೆತ್ತಿಕೊಂಡಿದ್ದೇನೆ,
ಇಟ್ಟಿದ್ದೇನೆ.

ನಿನ್ನೆ ಸುಂಕಮ್ಮ ಎದ್ದು ಬಂದಳು.
"ಕೊಡಿಲ್ಲಿ. ದಿನಾ ಯಾರ ಜೊತಿ ಇರ್ತಿ ನೋಡಾನ."
ತಲೆಗೇರಿಸಿಕೊಂಡಳು. ಕಣ್ಣು ಮುಚ್ಚಿದಳು, ತೆರೆದಳು.
"ಏನೂ ಇಲ್ಲ ಇದ್ರಾಗ.
ಆರು ತಿಂಗಳಿಂದ ಏನೂ ಇಲ್ಲದ್ದು ಕೇಳಿಕೆಂತ ಕುಂತೀಯೇನು?"

ಹದಿನೆಂಟು ವರ್ಷದ ಓವರ್‌ಲಾಕ್ ಮಷೀನು
ಅವಳ ಎಡಗಿವಿ ತಿಂದಿದೆ. ಗೊತ್ತಿತ್ತು ನನಗೆ,
ಗೊತ್ತಿದ್ದೂ ಆ ಹೊತ್ತಿಗೆ ಮರೆತಿದ್ದೆ.
ಹೆಡ್‌ಫೋನು ಹಿಂದುಮುಂದು ಮಾಡಿ ಹಾಕಿದೆ.

ಮೊದಲು ಕೇಳಿಸಿಕೊಂಡದ್ದು ಅವಳ ಹುಬ್ಬು.
"ಯಾವನೋ ಒಬ್ಬ, ಒಂದೇ ಮಾತು ತಿರಿಗಿ ತಿರಿಗಿ ಅಂತಾನ."
"ಸೀಕ್ಯೂ ಅಂತ. ಯಾರಾದ್ರೂ ಅದೀರಾ ಅಂತ."
"ಎಷ್ಟೊತ್ತಿಂದ?"
"ನಂಗೇನು ಗೊತ್ತು, ನಿನ್ ಕಿವ್ಯಾಗ ಅದಾನ."
ಸುಮ್ಮನಿದ್ದಳು. ಆ ಕಡೆಯವನು ಮತ್ತೊಮ್ಮೆ ಕೇಳಿರಬೇಕು,
ಅವಳು ಬಾಗಿಲ ಕಡೆ ತಿರುಗಿ ನೋಡಿದಳು.
"ಅದೀವಿ ಅಂತ ಹೇಳು ಅತ್ಲಾಗ.
ಮೆಲ್ಲಕ. ಕೂಸು ಎದ್ದೀತು."

ಕಂಬಳಿ ಮುಸುಕೆಳೆದು, ಮೈಕು ತುಟಿಗೆ ಹಚ್ಚಿ
ಕರೆಗುರುತು ಪಿಸುಗುಟ್ಟಿದೆ. ಹೆಸರು ಎರ್ರಿಸ್ವಾಮಿ,
ಊರು ರಾಯದುರ್ಗ. ಗುಂಡಿ ಬಿಟ್ಟೆ.
ಉತ್ತರ ಬಂದದ್ದು ಅವಳಿಗೆ.

"ಅಂದ. ಇಂಗ್ಲಿಷಿನ್ಯಾಗ ಏನೋ ಅಂದ. ಮೊಬೈಲ್ ಅಂದಂಗಾತು.
ನಂಬರ್ ಕೇಳ್ತಾನೇನು?"
"ಅಲ್ಲ. ದನಿ ಸಣ್ಣದು ಬಂತಲ್ಲ,
ಗಾಡಿಯೊಳಗಿಂದ ಮಾತಾಡ್ತೀರೇನು,
ಎಲ್ಲಿಗೆ ಹೊಂಟೀರಿ ಅಂತಾನ."

ಅವಳು ಸ್ಟೂಲು ನೋಡಿದಳು, ಬ್ಯಾಟರಿ ನೋಡಿದಳು,
ನಾಳೆಗೆ ಕತ್ತರಿಸಿಟ್ಟ ನಲವತ್ತು ಜೊತೆ ಕಾಲುಗಳ ಗಂಟು ನೋಡಿದಳು.
"ಜೀಪು ಮಾರಿದ್ವಿ ಅನ್ನು."

ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು.
ಅದನ್ನು ಇಂಗ್ಲಿಷಿನಲ್ಲಿ, ಕಂಬಳಿಯೊಳಗೆ,
ಪಿಸುಮಾತಲ್ಲಿ ಹೇಗೆ ಹೇಳುವುದು ಅಂತ
ಇನ್ನೂ ಯೋಚಿಸುತ್ತಿದ್ದೆ.