ಒಂದು, ಮೂರು, ನಾಲ್ಕು, ಎರಡು

ಕಡಲಗಾಳಿ ಏಳುವುದು ನಾಲ್ಕಕ್ಕೆ.
ಅಷ್ಟರೊಳಗೆ ಮುಚ್ಚಬೇಕು:
ಬ್ಲಾಕನ್ನು ವೈಜಯಂತಿಯ ಹಳೇ ವಾಯಿಲ್ ಸೀರೆಯಿಂದ,
ಕ್ರ್ಯಾಂಕನ್ನು ಗೋಣಿಯಿಂದ.
ಕೋಡಿಬಾಗದ ಮರಳಿಗೆ ನಾಚಿಕೆಯಿಲ್ಲ,
ಎಣ್ಣೆ ಕಂಡಲ್ಲಿ ಕೂತುಬಿಡುತ್ತದೆ.

ಎಂಬತ್ತಾರರ ಪದ್ಮಿನಿ. ಬಣ್ಣ
ಒಂದು ಕಾಲಕ್ಕೆ ಕೆನೆ, ಈಗ ಬೀಡಿ ಸೇದುವವನ ಹಲ್ಲು.
ಬಿಣಗಾದಲ್ಲಿ ಕೊಂಡು, ಟೆಂಪೋದ ಬೆನ್ನಿಗೆ ಹಗ್ಗ ಕಟ್ಟಿ
ಇಡೀ ಕಾರವಾರ ನೋಡುವಂತೆ ಎಳೆಸಿ ತಂದೆ.
ಹಾರ್ನಿಲ್ಲ; ಕಿಟಕಿಯಿಂದ ಕೈ ಬೀಸುತ್ತ
"ಸರೀರಿ, ಸರೀರಿ" ಎಂದದ್ದು ನಾನೇ.

ಬಂದರು ಕಚೇರಿಯ ಗುಮಾಸ್ತ ನಾನು,
ಹಡಗು ಬಂದ ವೇಳೆ, ಹೋದ ವೇಳೆ ಬರೆಯುವವನು.
ಯಂತ್ರದ ಒಳಗು ಕಂಡವನಲ್ಲ.
ಕಂಡವನು ಬೈತಖೋಲದ ಇನಾಸ.
ಟ್ರಾಲರುಗಳ ಹೊಟ್ಟೆಯಲ್ಲಿ ಮೂವತ್ತು ವರ್ಷ ಬಗ್ಗಿ
ಬಾಗಿಲು ಎಷ್ಟೇ ಎತ್ತರವಿದ್ದರೂ ತಲೆ ತಗ್ಗಿಸಿಯೇ ಬರುತ್ತಾನೆ.
"ಇದಾ ಎಂಜಿನ್ನು? ನಮ್ಮ ಬೋಟಿನ ನೀರೆತ್ತುವ ಪಂಪು
ಇದಕ್ಕಿಂತ ದೊಡ್ಡದು ಮಾರಾಯ" ಎಂದು ನಕ್ಕ.
ನಕ್ಕವನೇ ಪಾನಾ ಎತ್ತಿಕೊಂಡ.

ಎಂಟು ವಾಲ್ವು ಮೊಟ್ಟೆಯ ಟ್ರೇಯಲ್ಲಿ,
ತಮ್ಮ ತಮ್ಮ ಗುಳಿಯಲ್ಲಿ.
ಮೂರನೇ ಪಿಸ್ಟನ್ನಿನ ಮುರಿದ ರಿಂಗು ಸುಣ್ಣದ ಡಬ್ಬಿಯಲ್ಲಿ.
ಮೀನು ಹೆಚ್ಚುವ ಮಣೆಯ ಮೇಲೆ ಗ್ಯಾಸ್ಕೆಟ್ಟು ಕೆರೆಯುವಾಗ
ಬೆಕ್ಕು ಬಂತು, ಮೂಸಿತು,
ಅವಮಾನವಾದಂತೆ ಎದ್ದು ಹೋಯಿತು.

ಬ್ಲಾಕು ಬಸ್ಸಿನ ಟಾಪಿನಲ್ಲಿ ಅರಬೈಲು ಘಟ್ಟ ಹತ್ತಿ
ಹುಬ್ಬಳ್ಳಿ ನೋಡಿ ಬಂತು.
ಇಪ್ಪತ್ತು ಥೌ ಕೊರೆದ ಲೇತಿನವ
ಬಿಲ್ಲಿನ ಬೆನ್ನಿಗೆ ಬರೆದಿದ್ದ:
ಇನ್ನೊಮ್ಮೆ ಆಗಲ್ಲ.

ಶಾಲ್ಮಲಾಳ ಬೆರಳು ಸಣ್ಣವು.
ಹಲ್ಲುಜ್ಜುವ ಬ್ರಶ್ಶು, ಸೀಮೆಎಣ್ಣೆ,
ಕನೆಕ್ಟಿಂಗ್ ರಾಡಿನ ಟೊಪ್ಪಿ ತಿಕ್ಕುತ್ತಿದ್ದವಳು ನಿಲ್ಲಿಸಿದಳು.
"ಅಪ್ಪಾ, ಇಲ್ಲಿ ಯಾರೋ ಕನ್ನಡ ಬರ್ದಿದಾರೆ."

ಕಂಪನಿಯ ಗುರುತನ್ನು ಅರ ಹಾಕಿ ಅಳಿಸಿ
(ಬೇರೆ ಯಾವ ಗಾಡಿಯ ರಾಡುಗಳೋ)
ಉಕ್ಕಿನ ಮೇಲೆ ಮೊನೆಯಿಂದ ಗೀಚಿದ ಅಂಕೆಗಳು:
೧. ೪. ಆಮೇಲೆ
೨ ಅಥವಾ ೩.
೩ ಅಥವಾ ೨.

ತುದಿ ಕೊಂಕಿದರೆ ಮೂರು, ಕೊಂಕದಿದ್ದರೆ ಎರಡು.
ಇಲ್ಲಿ ಎರಡೂ ಅರೆಕೊಂಕು.
"ಟೊಪ್ಪಿ ಅದಲುಬದಲಾದರೆ ಬೇರಿಂಗು ಸುಟ್ಟೀತು"
ಎಂದ ಇನಾಸ, ಬೋಟಿನ ನಂಬರಷ್ಟೇ ಓದಬಲ್ಲವನು.

ವೈಜಯಂತಿಯನ್ನು ಕರೆದೆವು.
ಕನ್ನಡ ಶಾಲೆಯಲ್ಲಿ ಇಪ್ಪತ್ತೊಂದು ವರ್ಷ ನಾಲ್ಕನೇ ಇಯತ್ತೆ.
ಕೈಯೊರೆಸಿ ಬಂದು, ಹಣೆಯ ಕನ್ನಡಕ ಮೂಗಿಗಿಳಿಸಿ
ಟೊಪ್ಪಿಯನ್ನು ಬೆಳಕಿಗೆ ಓರೆ ಹಿಡಿದಳು.
"ಇದು ಮೂರು. ಕೈ ಜಾರಿದೆ.
ಅದು ಎರಡು. ಬರೆದವ ಎಡಚ,
ಶಾಲೆ ಅರ್ಧಕ್ಕೆ ಬಿಟ್ಟವ.
ತಪ್ಪು ಬರೆದಿಲ್ಲ."

ಯಾರವನು? ಎಲ್ಲಿಯ ಶೆಡ್ಡು?
ಬಿಚ್ಚಿದರಷ್ಟೇ ಕಾಣುವ ಜಾಗದಲ್ಲಿ,
ಎಣ್ಣೆಗತ್ತಲೆಯಲ್ಲಿ ಮಿನಿಟಿಗೆ ಸಾವಿರ ಸಲ ಸುತ್ತುವುದರ ಮೇಲೆ
ಯಾರಿಗೆಂದು ಬರೆದ?
ನನ್ನ ಕಚೇರಿಯ ರಿಜಿಸ್ಟರುಗಳನ್ನು
ಐದು ವರ್ಷಕ್ಕೊಮ್ಮೆ ಸುಡುತ್ತಾರೆ.

ಮೊಳೆ ತಗೊಂಡು ಮೂರರ ಕೊಂಕನ್ನು
ಒಂದಿಷ್ಟು ಆಳ ಮಾಡಿದೆ.
"ಯಾಕೆ? ಇನ್ನೊಮ್ಮೆ ಬಿಚ್ಚೋದುಂಟಾ?"
"ಉಂಟು" ಎಂದೆ.
ಬಿಲ್ಲು ಕಿಸೆಯಲ್ಲೇ ಇತ್ತು.

ಆಮೇಲಿನದೆಲ್ಲ ಇನಾಸನ ಕೈ.
ರಿಂಗಿನ ಬಾಯಿಗಳು ಒಂದರಡಿ ಒಂದು ಬರದಂತೆ ತಿರುಗಿಸಿ,
ಸುತ್ತಿಗೆಯ ಮರದ ಹಿಡಿಯಿಂದ ಪಿಸ್ಟನ್ನು ತಟ್ಟಿದ,
ಒಳಗೆ ಯಾರೋ ಮಲಗಿದ್ದಾರೆ ಎನ್ನುವಷ್ಟು ಮೆಲ್ಲಗೆ.
ಕಿಡಿಯ ಸರದಿಯನ್ನು ಹುಡುಗಿಗೆ ಬಾಯಿಪಾಠ ಮಾಡಿಸಿದ.

ಭಾನುವಾರ ಮೂರನೇ ಸಲಕ್ಕೆ ಹತ್ತಿತು.
ಕೆಮ್ಮು, ನೀಲಿ ಹೊಗೆ, ಪಕ್ಕದ ಮನೆಯವರ ಶಾಪ,
ಆಮೇಲೆ ಸಮನಾಗಿ, ತಗ್ಗಿದ ದನಿಯಲ್ಲಿ.
ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಶಾಲ್ಮಲಾ:
"ಒಂದು, ಮೂರು, ನಾಲ್ಕು, ಎರಡು.
ಒಂದು, ಮೂರು, ನಾಲ್ಕು, ಎರಡು."

ತಪ್ಪೆಣಿಕೆ ಕೇಳಿದ ಮೇಷ್ಟರಮ್ಮ
ಅಡುಗೆಮನೆಯಿಂದ ಬಂದು, ಬಾಯಿ ತೆರೆದು
ಹಾಗೇ ನಿಂತಳು.

ನಾಲ್ಕಾಯಿತು, ಗಾಳಿ ಎದ್ದಿತು.
ಸೀರೆ ತಂತಿಯ ಮೇಲೆ ಪಟಪಟಿಸಿತು.
ಕಲೆ ಹೋಗಿರಲಿಲ್ಲ.