ಹಾಯಿ ಇಳಿಸಿದ್ದರೆ ಮನೇಲಿದ್ದೀವಿ

ಬಾಗಿಲೇ ಇಲ್ಲದ ಮನೆಗೆ ಬಾಗಿಲು ಬಡಿಯೋದು ಹೇಗೆ?
ಹುಟ್ಟಿನ ಹಿಡಿಯಿಂದ ದೋಣಿಯ ಕೆನ್ನೆಗೆ ಎರಡೇ ಏಟು.
ಮೂರು ಬಡಿದರೆ ಸಾವು, ಇಲ್ಲಾ ಮೀನಿನ ಲಾರಿ ಬಂತು ಅಂತ.
ಹಾಯಿ ಇಳಿಸಿದ್ದರೆ ಮನೇಲಿದ್ದೀವಿ, ಬನ್ನಿ.
ಏರಿಸಿದ್ದರೆ ಕೂಗಬೇಡಿ,
ಮಾರಿಕಣಿವೆಯ ಗಾಳಿ ಯಾರ ಮಾತಿಗೂ ನಿಲ್ಲೋದಿಲ್ಲ.

ಹಾಯಿ ಅಂದರೆ ದೊಡ್ಡದೇನಲ್ಲ.
ಹದಿನಾಲ್ಕು ಯೂರಿಯಾ ಚೀಲ, ನನ್ನದೊಂದು ಹಳೇ ಸೀರೆ,
ಹಿರಿಯೂರು ಸರ್ಕಲ್ಲಿನಿಂದ ಇಳಿಸಿ ತಂದ ಫ್ಲೆಕ್ಸು.
ಓಬಳೇಶ ಮೂರು ರಾತ್ರಿ ಹೊಲಿದ, ದಬ್ಬಳ ಹಿಡಿದು, ಬೈದುಕೊಂಡು.
ಗಾಳಿ ತುಂಬಿದಾಗ ಹುಟ್ಟುಹಬ್ಬದ ಯಾವನೋ ಮುಖಂಡ
ಕೆನ್ನೆ ಉಬ್ಬಿಸಿ ನಮ್ಮನ್ನು ಎಳೀತಾನೆ,
ದಡದ ಮೇಲಿದ್ದಾಗ ಒಂದು ಕೆಲಸವನ್ನೂ ಮಾಡಿಕೊಡದವನು.

ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರದ ರೆಕ್ಕೆ.
ತಿರುಗಿದರೆ ಬೇರೆ ಊರಿಗೆ ಬೆಳಕು,
ನಮಗೆ ಬರೀ ಗಡಿಯಾರ:
ನಿಧಾನಕ್ಕೆ ತಿರುಗಿದರೆ ಬಲೆ, ಜೋರಾದರೆ ಹಾಯಿ,
ನಿಂತರೆ ನೆಂಟಸ್ತಿಕೆ.

ನಿಂತ ಸಂಜೆ ಐದು ದೋಣಿ ಒಂದಕ್ಕೊಂದು ಹಗ್ಗ ಬಿಗಿದುಕೊಂಡು
ನೀರ ನಡುವೆ ಒಂದು ಓಣಿ.
ನೆಲ್ಲೂರಿನ ಕಡೆಯ ಪೋಲಮ್ಮ ಹುಣಸೆಹಣ್ಣು ಕೊಟ್ಟು ಕನ್ನಡ ಕಲೀತಾಳೆ.
ಖಾಜಾಬಿಯ ಗಂಡ ಮಾಬುಸಾಬ
ರೇಡಿಯೋದ ಸೆಲ್ಲು ಕಚ್ಚಿ ಕಚ್ಚಿ ಜೀವ ತುಂಬ್ತಾನೆ.
ಬೆಂಕಿಪೊಟ್ಟಣ ಎಸೆದರೆ ಹಿಡೀಬೇಕು,
ತಪ್ಪಿದರೆ ಅವತ್ತು ಯಾರಿಗೂ ಚಾ ಇಲ್ಲ.

ಜಗಳ ಮಾತ್ರ ನಾವು ಕೈಸನ್ನೆಯಲ್ಲೇ ಆಡೋದು.
ನೀರು ಚಾಡಿಕೋರ, ಪಿಸುಮಾತನ್ನೂ ಆಚೆ ದಡ ಮುಟ್ಟಿಸುತ್ತೆ.
ಒಮ್ಮೆ ನಾನು ಕೈ ಬೀಸಿ ಬೀಸಿ ಓಬಳೇಶನ ಅವ್ವನ ತನಕ ಹೋಗಿದ್ದೆ,
ತನ್ನನ್ನೇ ಕರೆದೆನೆಂದು ಖಾಜಾಬಿ
ಹುಟ್ಟು ಹಾಕಿಕೊಂಡು ಬಂದೇಬಿಟ್ಟಳು, ಒಗ್ಗರಣೆ ಮಂಡಕ್ಕಿ ಸಮೇತ.
ಗೆದ್ದವರು ಯಾರೋ ನೆನಪಿಲ್ಲ.

ದಪ್ಪ ಹೆಂಗಸು. ನಡುವೆ ಕೂತುಕೋ ಅಂದರೆ ಕೇಳೋಳಲ್ಲ,
ಎಡಗಡೆ, ಒಲೆಯ ಪಕ್ಕವೇ ಆಗಬೇಕು.
ಅವಳು ಕೂತಳೆಂದರೆ ನಾನು ಬಲಕ್ಕೆ, ಓಬಳೇಶ ಇನ್ನೂ ಬಲಕ್ಕೆ,
ಅವಳು ನಕ್ಕರೆ ಚಾ ತುಳುಕದ ಹಾಗೆ
ಮೂವರೂ ಲೋಟ ಮೇಲಕ್ಕೆತ್ತೋದು.
ಹೊರಡುವಾಗ ಹೇಳಿ ಏಳಬೇಕು.
ದೋಣಿಯಲ್ಲಿ ಯಾರೂ ಸುಮ್ಮನೆ ಎದ್ದು ಹೋಗೋ ಹಾಗಿಲ್ಲ.

ಯುಗಾದಿ ಕಳೆದ ಮಂಗಳವಾರ ಹೇಳದೆ ಎದ್ದಳು.
ಎದೆ ಹಿಡಿದುಕೊಂಡಿತಂತೆ, ಹಿರಿಯೂರು ಮುಟ್ಟಲಿಲ್ಲ.
ಬೆಳಗಿನ ಜಾವ ದೋಣಿಗೆ ಮೂರು ಏಟು ಬಿದ್ದಾಗ
ಲಾರಿ ಬಂತೆಂದು ನಾನು ಬುಟ್ಟಿ ಎತ್ತಿಕೊಂಡಿದ್ದೆ.

ಮಾಬುಸಾಬ ದೋಣಿ ಮಾರಿ ಮಗಳ ಊರಿಗೆ ಹೋದ.
ನೆಲದ ಮೇಲಾದರೆ ಒಂದು ಗೋಡೆ ಉಳಿಯುತ್ತೆ, ಒಂದು ಮೊಳೆ.
ಇಲ್ಲಿ ಅವಳು ನಿಲ್ಲಿಸುತ್ತಿದ್ದ ಜಾಗ ಯಾವುದು ಅಂದರೆ
ಬೆರಳು ಎಲ್ಲಿಗೆ ತೋರಿಸಲಿ?

ಚಾಕ್ಕೆ ಕೂತರೆ ನಾವಿಬ್ಬರೂ ಈಗಲೂ ಬಲಕ್ಕೇ ಕೂರೋದು.
ದೋಣಿ ವಾಲುತ್ತೆ.
ನಿನ್ನೆ ಓಬಳೇಶ ಏನೂ ಅನ್ನದೆ ಐಸಿನ ಪೆಟ್ಟಿಗೆ ಎಳೆದು ತಂದು
ಒಲೆಯ ಪಕ್ಕ ಇಟ್ಟ.
ತೂಕ ಸರಿಹೋಯಿತು.
ಲೋಟ ಒಂಚೂರೂ ತುಳುಕಲಿಲ್ಲ, ಅದೇ ಬೇಜಾರು.